ಸೋಲ್ಡರ್ ಪಾಟ್ ಹತ್ತಿರವೇ ತ್ಯಾಜ್ಯ ತಗ್ಗಿಸುವ ಕೆಲಸ

ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡ್ ತಯಾರಿಸುವ ರಾಯಚೂರಿನ ನಮ್ಮಂಥ ಸಣ್ಣ ಯೂನಿಟ್‌ನಲ್ಲಿ ಅಪಾಯಕಾರಿ ತ್ಯಾಜ್ಯವೆಂದರೆ ಮುಖ್ಯವಾಗಿ ಎರಡು: ಸೋಲ್ಡರ್ (ಬೆಸುಗೆ ಲೋಹ) ಕರಗಿಸುವ ಪಾಟ್‌ನಿಂದ ತೆಗೆದ ಡ್ರಾಸ್ (ಕರಗಿದ ಲೋಹದ ಮೇಲೆ ಕಟ್ಟುವ ಆಕ್ಸೈಡ್ ಕೆನೆ), ಬೋರ್ಡ್ ತೊಳೆದು ಕೊಳೆಯಾದ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್). ವಿಲೇವಾರಿ ಖರ್ಚಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ತ್ಯಾಜ್ಯ ಹುಟ್ಟುವ ಜಾಗದ ಕಡೆ ನೋಡುವವರು ಕಡಿಮೆ.

63/37 ಸೋಲ್ಡರ್ (63% ತವರ, 37% ಸೀಸ) 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬೋರ್ಡನ್ನು ಕೈಯಿಂದ ಪಾಟ್‌ಗೆ ಅದ್ದಲು 245ರಿಂದ 250 ಸಾಕು. ಸೋಲ್ಡರ್ ಹಿಡಿಯುತ್ತಿಲ್ಲವೆಂದು 280ಕ್ಕೆ ಏರಿಸಿದರೆ ಗಾಳಿ ತಾಗಿದ ತವರ ಬೇಗ ಆಕ್ಸೈಡ್ ಆಗಿ ಡ್ರಾಸ್ ಹೆಚ್ಚುತ್ತದೆ, ಅಷ್ಟೇ. ಮೊದಲು ಫ್ಲಕ್ಸ್ (ಸೋಲ್ಡರ್ ಹಿಡಿಯಲು ಹಚ್ಚುವ ರಾಸಾಯನಿಕ) ಹಳೆಯದೇ, ಪ್ಯಾಡ್ (ಬೋರ್ಡಿನಲ್ಲಿ ಸೋಲ್ಡರ್ ಕೂರುವ ತಾಮ್ರದ ಜಾಗ) ಕಪ್ಪಾಗಿದೆಯೇ ನೋಡಿ.

ಪದೇ ಪದೇ ಕೆನೆ ತೆಗೆಯುವುದೂ ತಪ್ಪು. ಆ ತೆಳು ಪದರವೇ ಕೆಳಗಿನ ಲೋಹಕ್ಕೆ ಮುಚ್ಚಳ. ಬೋರ್ಡ್ ಮುಳುಗುವಷ್ಟು ಜಾಗ ಮಾತ್ರ ಸರಿಸಿ. ತೆಗೆಯಲೇಬೇಕಾದಾಗ ಸ್ಟೀಲಿನ ತೂತು ಸೌಟನ್ನು ಪಾಟ್‌ನ ಒಳಅಂಚಿಗೆ ಒತ್ತಿ ಹಿಡಿಯಿರಿ. ಹೊಳೆಯುವ ಹನಿಗಳು ಪಾಟಿಗೇ ಇಳಿದು ಸೌಟಿನಲ್ಲಿ ಬೂದು ಪುಡಿ ಉಳಿಯಬೇಕು. ಹಿಂಡದೆ ಎಸೆದರೆ ಡ್ರಾಸ್‌ನ ಹೆಚ್ಚಿನ ಪಾಲು ಒಳ್ಳೆಯ ಸೋಲ್ಡರೇ ಆಗಿರುತ್ತದೆ. ಸೌಟು ಪೂರ್ತಿ ಒಣಗಿರಲಿ. ಒಂದು ಹನಿ ನೀರಿದ್ದರೂ ಬಿಸಿ ಲೋಹ ಮುಖಕ್ಕೆ ಸಿಡಿಯುತ್ತದೆ. ಪುಡಿಯಲ್ಲಿ ಸೀಸವಿರುವುದರಿಂದ ಮಾಸ್ಕ್ ಬೇಕು, ಕೈ ತೊಳೆಯದೆ ಚಹಾ ಮುಟ್ಟಬಾರದು.

ಜಾಯಿಂಟ್ ಮರಳುಮರಳಾಗಿ, ಬ್ರಿಡ್ಜ್ (ಪಕ್ಕದ ಜಾಯಿಂಟ್‌ಗಳು ಸೋಲ್ಡರ್‌ನಿಂದ ಕೂಡಿಕೊಳ್ಳುವುದು) ಹೆಚ್ಚಾದರೆ ಪಾಟ್ ಪೂರ್ತಿ ಖಾಲಿ ಮಾಡುವವರಿದ್ದಾರೆ. ಅವಸರ ಬೇಡ. ಬೋರ್ಡ್‌ನಿಂದ ಕರಗಿದ ತಾಮ್ರ 0.3% ದಾಟಿರಬಹುದು. ಪಾಟನ್ನು 190 ಡಿಗ್ರಿಗೆ ಇಳಿಸಿ ಕೆಲವು ಗಂಟೆ ಅಲುಗಿಸದೆ ಬಿಡಿ. ತಾಮ್ರ-ತವರದ ಸೂಜಿಯಂಥ ಹರಳುಗಳು ಮೇಲೆ ಬರುತ್ತವೆ. ಅವನ್ನಷ್ಟೇ ತೆಗೆದು, ಅಷ್ಟು ಹೊಸ ಸೋಲ್ಡರ್ ಹಾಕಿ. ಸೀಸ (ಲೆಡ್) ಇಲ್ಲದ ಸೋಲ್ಡರ್‌ಗೆ ಈ ಉಪಾಯ ನಡೆಯದು, ಅದರಲ್ಲಿ ಹರಳು ತಳಕ್ಕಿಳಿಯುತ್ತದೆ.

ಐಪಿಎಗೆ ಒಂದು ಟ್ರೇ ಬದಲು ಮೂರು ಇಡಿ, ಬೋರ್ಡ್ ಸಾಲಾಗಿ ಮೂರರಲ್ಲೂ ಅದ್ದಲಿ. ಮೊದಲನೆಯದು ಕೊಳೆಯಾದಾಗ ಅದನ್ನು ಮಾತ್ರ ತೆಗೆದು, ಎರಡನೆಯದನ್ನು ಮೊದಲನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಸುರಿಯಿರಿ. ಹೊಸ ಐಪಿಎ ಕೊನೆಯ ಟ್ರೇಗೆ ಮಾತ್ರ. ಒಣಗಿದ ಬೋರ್ಡ್ ಮೇಲೆ ಬಿಳಿ ಮಸುಕು ಕಂಡರೆ ಕೊನೆಯ ಟ್ರೇಗೂ ಫ್ಲಕ್ಸ್ ಸೇರಿದೆ ಎಂದರ್ಥ. ನಮ್ಮ ಬಿಸಿಲಿಗೆ ಮುಚ್ಚಳವಿಲ್ಲದ ಟ್ರೇ ಬೇಗ ಆರಿಹೋಗುತ್ತದೆ. ಸುಮಾರು 12 ಡಿಗ್ರಿಯಲ್ಲೇ ಐಪಿಎ ಆವಿಗೆ ಬೆಂಕಿ ಹೊತ್ತಬಲ್ಲದು, ಆದ್ದರಿಂದ ಟ್ರೇ ಪಾಟ್ ಹತ್ತಿರ ಬೇಡವೇ ಬೇಡ.

ಉಳಿದದ್ದನ್ನು ಬೇರೆ ಬೇರೆ ಇಡಿ: ಡ್ರಾಸ್ ಮುಚ್ಚಳದ ಲೋಹದ ಡಬ್ಬಿಯಲ್ಲಿ, ಐಪಿಎ ಬಿಗಿ ಕ್ಯಾನ್‌ನಲ್ಲಿ, ಎಚಿಂಗ್ (ಬೋರ್ಡಿನ ಬೇಡದ ತಾಮ್ರ ಕರಗಿಸುವುದು) ಮಾಡುವವರ ಫೆರಿಕ್ ಕ್ಲೋರೈಡ್ ಪ್ಲಾಸ್ಟಿಕ್ ಕ್ಯಾನ್‌ನಲ್ಲಿ. ಬೆರೆತರೆ ಮರುಬಳಕೆದಾರರು ಮುಟ್ಟುವುದಿಲ್ಲ. ಅಪಾಯಕಾರಿ ತ್ಯಾಜ್ಯದ 2016ರ ನಿಯಮದಂತೆ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಷ್ಟರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ತೂಕ ಬರೆದು ಕೊಡಿ, ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ) ಪ್ರತಿ ಇಟ್ಟುಕೊಳ್ಳಿ.