ಮರಿಗಳ ಹಿಂಬದಿ ಮೆತ್ತಿಕೊಂಡಾಗ: ಗಿರಿರಾಜ ಬ್ಯಾಚಿನ ದಾಖಲೆ

1ನೇ ದಿನ
50 ಗಿರಿರಾಜ ತಳಿಯ ಕೋಳಿಮರಿ. ನಾಲ್ಕಡಿ ಅಗಲದ ತಗಡಿನ ಸುತ್ತು, ಒಳಗೆ ಎರಡಂಗುಲ ಭತ್ತದ ಹೊಟ್ಟು, ಮೇಲೆ ಅಲೆಯಲೆಯಾದ ಸುಕ್ಕು ರಟ್ಟು. ಬರೀ ಪೇಪರ್ ಹಾಸಿದರೆ ಮರಿ ಜಾರಿ ಕಾಲು ಅಗಲವಾಗಿಬಿಡುತ್ತವೆ. 60 ವ್ಯಾಟಿನ ಹಳೇ ಥರದ ಬಲ್ಬು ಎರಡು. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಮರಿಯ ಬೆನ್ನಿನ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು.

ಮೊದಲು ನೀರು. ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಉಗುರುಬೆಚ್ಚಗೆ. ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ಮುಟ್ಟಿಸಿ ಬಿಟ್ಟಿದ್ದಾಯಿತು. ಎರಡು ಗಂಟೆ ಬಿಟ್ಟು ಮುಸುಕಿನ ಜೋಳದ ಸಣ್ಣ ನುಚ್ಚು. ಸ್ಟಾರ್ಟರ್ ಫೀಡ್ (ಎಳೆಮರಿಗಳ ಸಿದ್ಧ ಮೇವು) ನಾಳೆಗೆ. ಸಕ್ಕರೆ ನೀರು ಅರ್ಧ ದಿನಕ್ಕೆ ಸಾಕು, ಮುಂದುವರಿಸಿದರೆ ಅದರಿಂದಲೇ ಹಿಕ್ಕೆ ನೀರಾಗುತ್ತದೆ. ರಾತ್ರಿ ಕುತ್ತಿಗೆ ಬುಡದ ಮೇವಿನ ಚೀಲ ಮುಟ್ಟಿ ನೋಡಬೇಕು: ತುಂಬಿ ಮೆತ್ತಗಿದ್ದರೆ ಸರಿ, ಕಾಳಿನಂತೆ ಗಟ್ಟಿಯಿದ್ದರೆ ಮರಿ ತಿಂದಿದೆ, ನೀರು ಕುಡಿದಿಲ್ಲ.

2ನೇ ದಿನ
ಬೆಳಿಗ್ಗೆ ಆರು ಮರಿಗಳ ಹಿಂಬದಿಗೆ ಹಿಕ್ಕೆ ಮೆತ್ತಿಕೊಂಡಿತ್ತು. ನಾಲ್ಕರಲ್ಲಿ ಪುಕ್ಕಕ್ಕಷ್ಟೇ ಅಂಟಿತ್ತು. ಎರಡರಲ್ಲಿ ದ್ವಾರವೇ ಮುಚ್ಚಿ, ಕಂದು ಹಿಕ್ಕೆ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಇವನ್ನು ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ ಸಾಯುತ್ತವೆ.

ಒಣಗಿದ್ದನ್ನು ಕಿತ್ತೆಳೆಯಲೇಬಾರದು. ಪುಕ್ಕದ ಜೊತೆ ಚರ್ಮ ಹರಿದು ರಕ್ತ ಬಂದರೆ ಉಳಿದ ಮರಿಗಳು ಅಲ್ಲೇ ಕುಕ್ಕುತ್ತವೆ. ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯನ್ನು ಎರಡು ಮೂರು ನಿಮಿಷ ಒತ್ತಿ ಹಿಡಿದರೆ ತಾನೇ ನೆನೆದು ಬಿಡುತ್ತದೆ. ಅಂಚಿನಿಂದ ಒರೆಸುತ್ತಾ ಬರಬೇಕು. ಹೊಟ್ಟೆ ಅದುಮಬಾರದು, ಒಳಗೆ ಮೊಟ್ಟೆಯ ಹಳದಿಯ ಚೀಲ ಇನ್ನೂ ಪೂರ್ತಿ ಕರಗಿರುವುದಿಲ್ಲ. ಆಮೇಲೆ ಬಟ್ಟೆಯಲ್ಲಿ ಒತ್ತಿ, ಬಲ್ಬಿನ ಕೆಳಗೆ ಪೂರ್ತಿ ಒಣಗಿಸಿ, ಕೊಬ್ಬರಿ ಎಣ್ಣೆ ಬೆರಳ ತುದಿಯಷ್ಟು. ಒದ್ದೆ ಮರಿಯನ್ನು ಗುಂಪಿಗೆ ಬಿಟ್ಟರೆ ಚಳಿ ಹಿಡಿದು ಮತ್ತೆ ಮೆತ್ತಿಕೊಳ್ಳುತ್ತದೆ.

ಹೊಸಬರು ಎಡವುವುದು ಇಲ್ಲಿ: ಹೊಟ್ಟೆಯ ಕೆಳಗೆ ಕಾಣುವ ಕಪ್ಪು ಹೊಕ್ಕಳ ಹಕ್ಕಳೆಯನ್ನೂ ಕೊಳೆಯೆಂದು ಕೀಳುತ್ತಾರೆ. ದ್ವಾರ ಇರುವುದು ಬಾಲದ ಬುಡದಲ್ಲಿ. ಹೊಕ್ಕಳು ಮುಟ್ಟಬೇಡಿ.

3ನೇ ದಿನ
ತೊಳೆದ ಆರರಲ್ಲಿ ಮೂರಕ್ಕೆ ಮತ್ತೆ ಅಂಟಿತ್ತು. ತೊಳೆಯುವುದು ಲಕ್ಷಣಕ್ಕೆ ಮದ್ದು ಅಷ್ಟೇ, ಕಾರಣ ಕಾವಿನಲ್ಲಿತ್ತು. ಬೆಳಗಿನ ಜಾವ ಥರ್ಮಾಮೀಟರ್ 87ಕ್ಕೆ ಇಳಿದಿತ್ತು, ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಬಲ್ಬನ್ನು ನಾಲ್ಕು ಬೆರಳು ಇಳಿಸಿ, ಗಾಳಿ ಬರುವ ಕಡೆ ಗೋಣಿಚೀಲ ಕಟ್ಟಿದ್ದಾಯಿತು. ಕಾವು ಅತಿಯಾದರೂ ಇದೇ ಫಲ: ರೆಕ್ಕೆ ಅಗಲಿಸಿ ಬಾಯಿ ತೆರೆದು ಅಂಚಿಗೆ ಸರಿಯುತ್ತವೆ, ಮೈಯ ನೀರು ಆರಿ ಹಿಕ್ಕೆ ಅಂಟಾಗುತ್ತದೆ.

ಒಂದು ಮರಿಗೆ ಹೊಟ್ಟೆ ಉಬ್ಬಿ, ಹೊಕ್ಕಳು ಒದ್ದೆಯಾಗಿ ವಾಸನೆ. ಅದು ಹೊಕ್ಕಳ ಸೋಂಕು, ತೊಳೆದರೆ ಹೋಗುವುದಲ್ಲ. ಬೇರೆ ಡಬ್ಬಕ್ಕೆ ಹಾಕಿದೆ. ಇಂಥವು ಉಳಿಯುವುದು ಅಪರೂಪ.

6ನೇ ದಿನ
ಹೊಸದಾಗಿ ಯಾವುದಕ್ಕೂ ಮೆತ್ತಿಲ್ಲ. ಬಿಳಿ ತುದಿಯ ಗಟ್ಟಿ ಹಿಕ್ಕೆಯ ನಡುವೆ ಆಗಾಗ ಚಾಕೊಲೇಟ್ ಬಣ್ಣದ, ನಾರುವ, ಅಂಟು ಹಿಕ್ಕೆ ಕಾಣುತ್ತದೆ. ಅದು ಕುರುಡು ಕರುಳಿನದು, ರೋಗವಲ್ಲ. ಸುಣ್ಣದಂಥ ಬಿಳಿ ಭೇದಿಯ ಜೊತೆ ಸಾವು ಏರುತ್ತಿದ್ದರೆ ಮಾತ್ರ ಪುಲ್ಲೋರಂ ಎಂಬ ಬ್ಯಾಕ್ಟೀರಿಯಾ ರೋಗದ ಅನುಮಾನ. ಸತ್ತ ಮರಿಯನ್ನು ಪಶುವೈದ್ಯರಲ್ಲಿ ಕೊಯ್ಯಿಸಿ ನೋಡಬೇಕು. ಗೊತ್ತಿಲ್ಲದೆ ಆಂಟಿಬಯಾಟಿಕ್ ಬೆರೆಸಬಾರದು. ಪುಲ್ಲೋರಂ ಬಂದು ಬದುಕುಳಿದ ಮರಿಗಳೂ ರೋಗ ಹೊತ್ತೇ ಇರುತ್ತವೆ, ಮೊಟ್ಟೆಯ ಮೂಲಕ ದಾಟುತ್ತದೆ, ತಳಿಗೆ ಇಡಬಾರದು.

ನಾಳೆ ಕೊಕ್ಕರೆ ರೋಗದ (ರಾಣಿಖೇತ್) ಲಸೋಟ ಲಸಿಕೆ ಕಣ್ಣಿಗೆ ಒಂದು ಹನಿ. ಕಾವು 90ಕ್ಕೆ.

ಮೂರನೇ ವಾರ
ಇನ್ನು ಕಾಯಬೇಕಾದದ್ದು ರಕ್ತಭೇದಿ. ಅದನ್ನು ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿಯ ಮೊಟ್ಟೆ ಬಲಿಯಲು ತೇವ ಮತ್ತು ಬಿಸಿ ಸಾಕು, ಒಂದೆರಡು ದಿನ. ಹಾಗಾಗಿ ನೀರಿನ ಪಾತ್ರೆಯನ್ನು ಇಟ್ಟಿಗೆ ಮೇಲಿಟ್ಟು, ಸುತ್ತಲಿನ ಒದ್ದೆ ಹೊಟ್ಟನ್ನು ದಿನಾ ತೆಗೆಯುವುದು. ಹಿಕ್ಕೆಯಲ್ಲಿ ರಕ್ತ ಕಂಡರೆ ಆಂಪ್ರೋಲಿಯಂ 20% ಪುಡಿ ಲೀಟರ್ ನೀರಿಗೆ 1.2 ಗ್ರಾಂ, 5ರಿಂದ 7 ದಿನ, ಇಡೀ ಗುಂಪಿಗೆ. ಆ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ನಿಲ್ಲಿಸಬೇಕು: ಔಷಧ ಕೆಲಸ ಮಾಡುವುದೇ ಬಿ1 ಅನ್ನು ತಡೆದು. ಕೋರ್ಸ್ ಮುಗಿದ ಮೇಲೆ ವಿಟಮಿನ್ ಕೊಡಬಹುದು.