ಮೆಮೊರಿ ಕಾರ್ಡಿಗೆ ಎಷ್ಟು ಆಯುಸ್ಸು?

ಹೋಟೆಲಿನ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡು, ಗಲ್ಲಾದ ಪಕ್ಕದ ಬಿಲ್ಲಿಂಗ್ ಕಂಪ್ಯೂಟರಿನ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬಳಸುವ ಚಿಪ್‌ಗಳ ಡಿಸ್ಕ್), ಸಂಘದ ಕಪಾಟಿನಲ್ಲಿರುವ ಪೆನ್‌ಡ್ರೈವ್: ಮೂರರ ಒಳಗೂ ಇರುವುದು ಫ್ಲ್ಯಾಶ್ ಮೆಮೊರಿಯೇ. ಆದರೆ ಅವು ಕೆಡುವ ಬಗೆ ಬೇರೆಬೇರೆ. ಮುಂಬೈ ಸುತ್ತಮುತ್ತ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡಿಗರ ಹೋಟೆಲು, ಸ್ಟುಡಿಯೋ, ಸಣ್ಣಪುಟ್ಟ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸದನ್ನು ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಜಿಬಿ, ಎಷ್ಟು ರೂಪಾಯಿ ಎಂದು. ಅದರಲ್ಲಿ ದಿನಕ್ಕೆ ಎಷ್ಟು ಬರೆಯುತ್ತೀರಿ, ಆಮೇಲೆ ಎಷ್ಟು ಕಾಲ ಹಾಗೇ ಇಡುತ್ತೀರಿ ಎಂದು ನಾನು ಕೇಳುತ್ತೇನೆ. ಬಾಳಿಕೆ ನಿಂತಿರುವುದು ಅದರ ಮೇಲೆ.

ಚೆಂಬೂರಿನ ಹೋಟೆಲ್ ಮಾಲೀಕರೊಬ್ಬರು ಒಮ್ಮೆ ಕರೆಸಿದರು. ಹಿಂಬಾಗಿಲಿನಿಂದ ಎರಡು ಗ್ಯಾಸ್ ಸಿಲಿಂಡರ್ ಕಾಣೆಯಾಗಿದ್ದವು. ಕ್ಯಾಮೆರಾ ಆ ಬಾಗಿಲನ್ನೇ ನೋಡುತ್ತಿತ್ತು, ಮೊಬೈಲಿನಲ್ಲಿ ನೇರ ದೃಶ್ಯವೂ ಸರಿಯಾಗಿ ಬರುತ್ತಿತ್ತು. ಕಾರ್ಡು ತೆಗೆದು ನೋಡಿದರೆ ಕೆಲವು ವಾರಗಳ ಹಿಂದಿನ ದೃಶ್ಯಗಳಿವೆ, ಆಮೇಲಿನದು ಒಂದೂ ಇಲ್ಲ. “ಒಳ್ಳೆಯ ಕಂಪನಿಯದ್ದೇ ತಂದದ್ದು ಮಾರಾಯರೇ, ಎರಡು ವರ್ಷವೂ ಆಗಲಿಲ್ಲ” ಎಂದರು. ಅವರು ಹೇಳಿದ್ದು ನಿಜ, ಕಾರ್ಡು ಅಸಲಿಯೇ. ಸವೆದುಹೋದ ಮೇಲೆ ಅದು ಹೊಸ ಬರಹವನ್ನು ನಿರಾಕರಿಸಿ, ಇದ್ದದ್ದನ್ನು ಓದಲಷ್ಟೇ ಬಿಡುತ್ತಿತ್ತು.

ಸವೆಯುವುದು ಹೇಗೆ? ಫ್ಲ್ಯಾಶ್‌ನ ಪ್ರತಿ ಕೋಶವೂ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟು ಮಾಹಿತಿ ಉಳಿಸುತ್ತದೆ. ಸುತ್ತ ತೆಳುವಾದ ನಿರೋಧಕ ಪದರವಿರುತ್ತದೆ. ಬರೆಯುವಾಗಲೂ ಅಳಿಸುವಾಗಲೂ ಸುಮಾರು 20 ವೋಲ್ಟಿನ ಒತ್ತಡದಲ್ಲಿ ಎಲೆಕ್ಟ್ರಾನುಗಳು ಆ ಪದರವನ್ನು ತೂರಿ ಹೋಗಬೇಕು. ಪ್ರತಿ ಸಲವೂ ಪದರಕ್ಕೆ ಸ್ವಲ್ಪ ಗಾಯ. ಓದುವುದರಿಂದ ಇಷ್ಟು ಹಾನಿಯಿಲ್ಲ. ತೋಷಿಬಾ ಕಂಪನಿಯ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಫ್ಲ್ಯಾಶ್ ಮೆಮೊರಿಯನ್ನು ರೂಪಿಸಿದಾಗ, ಒಂದೊಂದೇ ಕೋಶವನ್ನು ಅಳಿಸುವ ಬದಲು ಇಡೀ ಗುಂಪನ್ನು ಒಟ್ಟಿಗೆ ಅಳಿಸುವ ದಾರಿ ಹಿಡಿದರು. ಚಿಪ್ ಅಗ್ಗವಾಗಲು ಅದೂ ಒಂದು ಕಾರಣ. ಆದರೆ ಶಾಲೆಯ ಹಲಗೆಯ ಒಂದು ಅಕ್ಷರ ತಿದ್ದಲು ಪೂರ್ತಿ ಹಲಗೆಯನ್ನೇ ಒರೆಸಿ ಮತ್ತೆ ಬರೆದಂತೆ, ಇಲ್ಲಿ ಸಣ್ಣ ಬದಲಾವಣೆಗೂ ಒಳಗೆ ಹೆಚ್ಚಿನ ಬರಹ ನಡೆಯಬಹುದು.

ಒಂದು ಕೋಶದಲ್ಲಿ ಒಂದೇ ಬಿಟ್ (0 ಅಥವಾ 1) ಇಡುವ ಎಸ್‌ಎಲ್‌ಸಿ ಬಗೆಯ ಫ್ಲ್ಯಾಶ್ ಸುಮಾರು 1,00,000 ಸಲ ಅಳಿಸಿ ಬರೆಯುವುದನ್ನು ತಾಳುತ್ತಿತ್ತು. ಮೂರು ಬಿಟ್ ಇಡುವ ಟಿಎಲ್‌ಸಿಯ ತಾಳಿಕೆ ಸಾಮಾನ್ಯವಾಗಿ 1,000ದಿಂದ 3,000. ನಾಲ್ಕು ಬಿಟ್‌ನ ಕ್ಯುಎಲ್‌ಸಿಯದು ಇನ್ನೂ ಕಡಿಮೆ. ಟಿಎಲ್‌ಸಿ ಕೋಶ ವಿದ್ಯುತ್ತಿನ ಎಂಟು ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು, ಕ್ಯುಎಲ್‌ಸಿ ಹದಿನಾರನ್ನು. ಪದರ ಸ್ವಲ್ಪ ಸೋರಿದರೂ ಒಂದು ಮಟ್ಟ ಪಕ್ಕದ್ದರಂತೆ ಕಾಣುತ್ತದೆ.

ಈಗ ಚೆಂಬೂರಿನ ಕಾರ್ಡಿನ ಲೆಕ್ಕ. ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಹಗಲೂ ರಾತ್ರಿ ಬರೆಯುತ್ತಿತ್ತು. ಅಂದರೆ ದಿನಕ್ಕೆ ಸುಮಾರು 43 ಜಿಬಿ. ಕಾರ್ಡು 32 ಜಿಬಿಯದು. ಒಂದು ದಿನವನ್ನೂ ಪೂರ್ತಿ ಹಿಡಿಯಲಾರದೆ ಅದು ವರ್ಷಕ್ಕೆ ಸುಮಾರು 490 ಸಲ ತನ್ನನ್ನು ತಾನೇ ಅಳಿಸಿ ಬರೆದುಕೊಳ್ಳುತ್ತದೆ. ಒಳಗಿನ ಹೆಚ್ಚುವರಿ ಬರಹವನ್ನೂ ಸೇರಿಸಿದರೆ ಸಾಧಾರಣ ಕಾರ್ಡು ಎರಡು ವರ್ಷದೊಳಗೆ ಕೈಕೊಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಅದೇ ಜಾಗದಲ್ಲಿ 128 ಜಿಬಿಯ ಕಾರ್ಡಿದ್ದಿದ್ದರೆ ವರ್ಷಕ್ಕೆ ಸುಮಾರು 123 ಸುತ್ತು ಸಾಕಿತ್ತು. ದೊಡ್ಡ ಕಾರ್ಡು ಹೆಚ್ಚು ದಿನದ ದೃಶ್ಯ ಇಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿಧಾನವಾಗಿ ಸವೆಯುತ್ತದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಿರಂತರ ರೆಕಾರ್ಡಿಂಗಿಗೆಂದೇ ಮಾಡಿದ ಹೈ ಎಂಡ್ಯೂರೆನ್ಸ್ ಕಾರ್ಡುಗಳು ಈಗ ಸಿಗುತ್ತವೆ. ನಾಲ್ಕಾರು ಕ್ಯಾಮೆರಾ ಇರುವ ಕಡೆ ಹಾರ್ಡ್ ಡಿಸ್ಕ್ ಇರುವ ಡಿವಿಆರ್ (ಎಲ್ಲ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಪೆಟ್ಟಿಗೆ) ಹಾಕಿಸುವುದೇ ಉತ್ತಮ.

ಈ ಕಥೆ ಕೇಳಿದವರು ಎಸ್‌ಎಸ್‌ಡಿಗೂ ಹೆದರುತ್ತಾರೆ. ಹೆದರಬೇಕಾಗಿಲ್ಲ. 500 ಜಿಬಿಯ ಟಿಎಲ್‌ಸಿ ಎಸ್‌ಎಸ್‌ಡಿಗೆ 300 ಟೆರಾಬೈಟ್ ಬರಹದ ಖಾತರಿ ಇರುವುದು ಸಾಮಾನ್ಯ. ಬಿಲ್ಲಿಂಗ್ ಕಂಪ್ಯೂಟರ್ ದಿನಕ್ಕೆ 20 ಜಿಬಿ ಬರೆದರೂ ಆ ಅಂಕಿ ಮುಟ್ಟಲು 40 ವರ್ಷ ಬೇಕು. ಒಳಗಿನ ಕಂಟ್ರೋಲರ್ ಎಂಬ ನಿಯಂತ್ರಕ ಚಿಪ್ ಬರಹವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುತ್ತದೆ, ಕೆಟ್ಟ ಭಾಗದ ಬದಲಿಗೆ ಮೀಸಲು ಭಾಗ ಬಳಸುತ್ತದೆ, ತಪ್ಪಿದ ಬಿಟ್‌ಗಳನ್ನು ತಿದ್ದುತ್ತದೆ.

ಹೋಟೆಲುಗಳಲ್ಲಿ ಎಸ್‌ಎಸ್‌ಡಿಗೆ ನಾನು ಕಂಡ ಶತ್ರು ರಾತ್ರಿ ಅಂಗಡಿ ಮುಚ್ಚುವಾಗ ಆರಿಸುವ ಮೇನ್ ಸ್ವಿಚ್. ಯಾವ ಮಾಹಿತಿ ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು ಕಂಟ್ರೋಲರ್ ಸದಾ ತಿದ್ದುತ್ತಿರುತ್ತದೆ. ತಿದ್ದುವ ನಡುವೆ ವಿದ್ಯುತ್ ಹೋದರೆ ಆಗಷ್ಟೇ ಬರೆದ ಬಿಲ್ಲುಗಳು ಹೋಗಬಹುದು. ನಕ್ಷೆಯೇ ಹಾಳಾದರೆ ಬೆಳಗ್ಗೆ ಡಿಸ್ಕ್ ಕಾಣಿಸುವುದೇ ಇಲ್ಲ. ಸರ್ವರ್‌ಗಳಿಗೆಂದು ಮಾಡಿದ ಹಲವು ಎಸ್‌ಎಸ್‌ಡಿಗಳಲ್ಲಿ ಆ ಕ್ಷಣವನ್ನು ದಾಟಿಸಲು ಕೆಪಾಸಿಟರುಗಳಿರುತ್ತವೆ. ನಾವು ಕೊಳ್ಳುವ ಸಾಧಾರಣ ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಅಂಥ ರಕ್ಷಣೆ ಇರುವುದಿಲ್ಲ. ಹಾಗಾಗಿ ಸಣ್ಣ ಯುಪಿಎಸ್ ಇಡಿಸುತ್ತೇನೆ, ಮೇನ್ ಆರಿಸುವ ಹುಡುಗನನ್ನೇ ಕೂರಿಸಿಕೊಂಡು ಶಟ್‌ಡೌನ್ ಮಾಡುವುದನ್ನು ಕಲಿಸುತ್ತೇನೆ. ಮಾಲೀಕರಿಗೆ ಹೇಳಿದರೆ ಆ ಮಾತು ಗಲ್ಲಾದಲ್ಲೇ ಉಳಿಯುತ್ತದೆ.

ಬ್ಯಾಕಪ್ ವಿಷಯದಲ್ಲಿ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಹಾರ್ಡ್ ಡಿಸ್ಕ್ ಅನೇಕ ಸಲ ಸದ್ದು ಮಾಡಿ, ನಿಧಾನವಾಗಿ, ಮುನ್ಸೂಚನೆ ಕೊಟ್ಟು ಕೆಡುತ್ತದೆ. ಎಸ್‌ಎಸ್‌ಡಿಯ ಕಂಟ್ರೋಲರ್ ಯಾವ ಸುಳಿವೂ ಇಲ್ಲದೆ ಹೋಗಬಹುದು. ಹೋದ ಮೇಲೆ ಚಿಪ್ ಬಿಚ್ಚಿ ಮಾಹಿತಿ ತೆಗೆಯುವುದು ಬಹಳ ಕಷ್ಟ. ಗೂಢಲಿಪೀಕರಣ (ಎನ್‌ಕ್ರಿಪ್ಶನ್) ಇದ್ದರಂತೂ ಆಸೆ ಬಿಡಬೇಕು. ಎಸ್‌ಎಸ್‌ಡಿ ತನ್ನ ಆರೋಗ್ಯವನ್ನು ಶೇಕಡಾವಾರು ತೋರಿಸುವುದು ಉಂಟು, ಅದನ್ನು ನೋಡಬೇಕು ಕೂಡ. ಆದರೆ ಅದು ಬರಹದ ಸವೆತವನ್ನಷ್ಟೇ ಹೇಳುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಒಂದು ಕನ್ನಡ ಸಂಘದ ಕಪಾಟು. ಊರಿನಿಂದ ಮೇಳಗಳು ಬಂದು ಮುಂಬೈಯಲ್ಲಿ ಆಡಿದ ಯಕ್ಷಗಾನ, ತಾಳಮದ್ದಲೆಗಳ ಧ್ವನಿಮುದ್ರಣಗಳನ್ನು ಹಳೆಯ ಕ್ಯಾಸೆಟ್ಟುಗಳಿಂದ ಕಷ್ಟಪಟ್ಟು ಪೆನ್‌ಡ್ರೈವುಗಳಿಗೆ ಇಳಿಸಿ ಇಟ್ಟಿದ್ದರು; ಕ್ಯಾಸೆಟ್ಟುಗಳನ್ನು ಎಸೆದಿದ್ದರು. ಹಲವು ವರ್ಷಗಳ ನಂತರ ಹಾಕಿ ನೋಡಿದಾಗ ಕೆಲವು ಕಡತಗಳು ನಡುವೆಯೇ ನಿಂತವು, ಒಂದು ಡ್ರೈವ್ ತೆರೆಯಲೇ ಇಲ್ಲ. ತೀರಿಕೊಂಡ ಭಾಗವತರ ಕಂಠ ಅದರಲ್ಲಿತ್ತು.

ವಿದ್ಯುತ್ ಸಂಪರ್ಕವಿಲ್ಲದೆ ಇಟ್ಟ ಫ್ಲ್ಯಾಶ್‌ನಿಂದ ಎಲೆಕ್ಟ್ರಾನುಗಳು ಸೋರುತ್ತಲೇ ಇರುತ್ತವೆ, ಸೆಖೆ ಹೆಚ್ಚಿದಷ್ಟೂ ಬೇಗ. ಚಿಪ್ ಉದ್ಯಮದ ಮಾನದಂಡ ರೂಪಿಸುವ ಸಂಸ್ಥೆಯಾದ ಜೆಡೆಕ್‌ನ ಪ್ರಕಾರ ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರಹದ ಮಿತಿ ಮುಗಿಸಿದ ಮೇಲೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಸರ್ವರ್ ದರ್ಜೆಯದು 40 ಡಿಗ್ರಿಯಲ್ಲಿ ಮೂರು ತಿಂಗಳು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುತ್ತದೆ. ಅಗ್ಗದ ಪೆನ್‌ಡ್ರೈವಿನೊಳಗೆ ಯಾವ ದರ್ಜೆಯ ಚಿಪ್ ಇದೆ ಎಂದು ಕೊಂಡವರಿಗೆ ತಿಳಿಯುವ ದಾರಿಯೇ ಇಲ್ಲ; ಮೇ ತಿಂಗಳಲ್ಲಿ ಮುಂಬೈಯ ಮುಚ್ಚಿದ ಕೋಣೆಯ ಸೆಖೆ ಯಾರಿಗೆ ಗೊತ್ತಿಲ್ಲ?

ಉಳಿದ ಧ್ವನಿಮುದ್ರಣಗಳನ್ನು ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲು ಮಾಡಿಸಿದೆ. ಒಂದು ಸಂಘದಲ್ಲಿ, ಇನ್ನೊಂದು ಠಾಣೆಯ ಸದಸ್ಯರೊಬ್ಬರ ಮನೆಯಲ್ಲಿ. ಪ್ರತಿ ಕಡತದ ಚೆಕ್‌ಸಮ್ (ಕಡತದ ಮಾಹಿತಿಯಿಂದಲೇ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಬರೆದಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಎರಡನ್ನೂ ಪೂರ್ತಿ ಓದಿಸಿ ತಾಳೆ ನೋಡುತ್ತೇವೆ; ತಾಳೆಯಾಗದ ಕಡತವನ್ನು ಇನ್ನೊಂದರಿಂದ ತಂದು ಹಾಕುತ್ತೇವೆ. ಪೆನ್‌ಡ್ರೈವುಗಳನ್ನು ಈಗ ಸದಸ್ಯರಿಗೆ ಹಾಡು ಹಂಚಲು ಮಾತ್ರ ಬಳಸುತ್ತಾರೆ.