ಗೇಜಿನ ಮುಳ್ಳು ಇಳಿದ ದಿನ

ಮೆಗ್ನೀಸಿಯಂ ಪುಡಿಯನ್ನು ಹೈಡ್ರೋಜನ್ ತುಂಬಿದ ಜಾರಿನಲ್ಲಿ ಉಕ್ಕಿನ ಗುಂಡುಗಳೊಂದಿಗೆ ಅರೆದು ಹೈಡ್ರೈಡ್ (ಲೋಹವೂ ಹೈಡ್ರೋಜನ್ನೂ ಕೂಡಿದ ಸಂಯುಕ್ತ) ಮಾಡುವ ಕೆಲಸಕ್ಕೆ ನಾನು ಸೇರಿ ಆಗ ಎರಡು ವರ್ಷವಾಗಿತ್ತು. ತನ್ನ ತೂಕದ ಶೇ. 7.6ರಷ್ಟು ಹೈಡ್ರೋಜನ್ ಹಿಡಿದಿಡುವ ಈ ವಸ್ತು ಕುಲುಮೆಯಿಲ್ಲದೆ ಬಾಲ್ ಮಿಲ್ಲಿನಲ್ಲೇ ಸಿದ್ಧವಾಗುವುದು ನನಗೆ ಇಂದಿಗೂ ಬೆರಗು. ಗುಂಡುಗಳ ಹೊಡೆತಕ್ಕೆ ಕಣದ ಮೇಲಿನ ಆಕ್ಸೈಡ್ ಪದರ ಒಡೆದು ಹೊಸ ಲೋಹ ತೆರೆದುಕೊಂಡ ಮೇಲಷ್ಟೇ ಅನಿಲ ಒಳಗಿಳಿಯುತ್ತದೆ.

ಅಂದು 5 ಗ್ರಾಂ ಪುಡಿ ಹಾಕಿ, 10 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು ಹತ್ತು ಪಟ್ಟು, ಹೈಡ್ರೋಜನ್ ತುಂಬಿದೆ. ಸೋಪಿನ ನೀರು ಹಚ್ಚಿ ನೋಡಿದಾಗ ಗುಳ್ಳೆ ಏಳಲಿಲ್ಲ. ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ಜಾರನ್ನು ಮೊದಲು ಆರ್ಗಾನ್ ಅನಿಲ ತುಂಬಿ ಒಂದು ರಾತ್ರಿ ಇಡಬೇಕೆಂಬ ನಿಯಮವನ್ನು, ತಿಂಗಳ ವರದಿ ಬಾಕಿಯಿದ್ದುದರಿಂದ, ನಾನೇ ಕೈಬಿಟ್ಟೆ. ಮೊದಲ ಗಂಟೆಯಿಂದಲೇ ಒತ್ತಡ ಇಳಿಯತೊಡಗಿತು. ನಾಲ್ಕು ಗಂಟೆಗಳ ನಂತರ, ಜಾರು ತಣ್ಣಗಾದ ಮೇಲೆ, ಗೇಜ್ 3 ಬಾರ್ ತೋರಿಸಿತು. ಆಕ್ಸೈಡ್ ಪದರ ಒಡೆಯುವುದಕ್ಕೆ ಸಮಯ ಬೇಕೆಂದು ಬಲ್ಲ ನಾನು, ಆರಂಭದಿಂದಲೇ ಒಂದೇ ಸಮನಾಗಿ ಇಳಿದ ಆ ಗೆರೆಯನ್ನು ಅನುಮಾನಿಸಬೇಕಿತ್ತು. ಬದಲಿಗೆ ಲಾಗ್‌ಬುಕ್ಕಿನಲ್ಲಿ ‘ಹೀರಿಕೆ ಉತ್ತಮ’ ಎಂದು ಬರೆದು ಮತ್ತೆ 10 ಬಾರ್ ತುಂಬಿದೆ.

ಎರಡನೆಯ ಸುತ್ತಿನಲ್ಲಿ ಮಿಲ್ ತಣ್ಣಗಾಗಲು ತಾನಾಗಿ ನಿಂತಿದ್ದಾಗ, ಸಿಲಿಂಡರ್ ನೋಡಿಕೊಳ್ಳುವ ಹಿರಿಯ ಸಹಾಯಕರು ಕೈಯಲ್ಲಿ ಹೈಡ್ರೋಜನ್ ಸೋರಿಕೆ ಪತ್ತೆಹಚ್ಚುವ ಡಿಟೆಕ್ಟರ್ ಹಿಡಿದು ಬಂದರು. ಮಿಲ್ಲಿನ ಮುಚ್ಚಳದ ಸಂದಿಗೆ ಹಿಡಿದೊಡನೆ ಅದು ಕೂಗಿತು. ನನ್ನ ಕೈ ಸ್ವಿಚ್ಚಿನತ್ತ ಹೋಗುತ್ತಿತ್ತು. “ಮೇಡಂ, ಏನೂ ಮುಟ್ಟಬೇಡಿ, ಹೊರಗೆ ಬನ್ನಿ” ಎಂದರು. ಅವರು ಕಿಟಕಿಗಳನ್ನು ತೆರೆದು, ಕಾರಿಡಾರಿನ ಮುಖ್ಯ ಸ್ವಿಚ್ ಇಳಿಸಿದರು. ಇನ್ನು ಎಷ್ಟು ನಿಮಿಷಕ್ಕೆ ಮಿಲ್ ತಾನಾಗಿ ಮತ್ತೆ ತಿರುಗಲಿತ್ತು ಎಂಬ ಲೆಕ್ಕವನ್ನು ನಾನು ಬಾಗಿಲಾಚೆ ನಿಂತು ಮಾಡಿದೆ: ಆರು.

ಜಾರಿನ ಖಾಲಿ ಜಾಗ ಸುಮಾರು 220 ಮಿಲಿ ಲೀಟರ್. ಅದರಿಂದ 7 ಬಾರ್ ಹೊರಬಿದ್ದರೆ ಸುಮಾರು ಒಂದೂವರೆ ಲೀಟರ್ ಹೈಡ್ರೋಜನ್. ಮಿಲ್ಲಿನೊಳಗೆ ಮೋಟಾರಿರುವ, 35 ಲೀಟರಿನಷ್ಟು ಕೋಣೆಯಲ್ಲಿ ಅದು ಒಟ್ಟಿಗೆ ಸೇರಿದ್ದರೆ, ಗಾಳಿಯಲ್ಲಿ ಕಿಡಿಗೆ ಹೊತ್ತಿಕೊಳ್ಳುವ ಶೇ. 4ರ ಮಿತಿ ದಾಟುತ್ತಿತ್ತು. ಆ ಕೋಣೆಯ ಗಾಳಿ ಹೊರಹಾಕುವ ಫ್ಯಾನ್ ಕೆಟ್ಟು ಮೂರು ತಿಂಗಳಾಗಿತ್ತು. ನಮ್ಮ ಪತ್ರ ಖರೀದಿ ವಿಭಾಗದ ಕಡತದಲ್ಲೇ ಇತ್ತು. ಇದನ್ನು ನಾನು ಸುಲಭವಾಗಿ ಕ್ಷಮಿಸಲಾರೆ.

ಹೊರಗಿನ ಗಾಳಿ ತಾಗದ ಗ್ಲೋವ್ ಬಾಕ್ಸಿನಲ್ಲಿ ಜಾರು ತೆರೆದಾಗ, ಮುಚ್ಚಳ ಬಿಗಿಯಾಗಿಡುವ ರಬ್ಬರ್ ಬಳೆಯಾದ ಓ-ರಿಂಗಿನ ಮೇಲೆ ಕೂದಲೆಳೆಯಷ್ಟು ಸೀಳು, ಅದರೊಳಗೆ ಹೊಳೆಯುವ ಒಂದು ಲೋಹದ ಕಣ. ನಿಂತ ಜಾರಿನಲ್ಲಿ ಸೋರದ ಅದು, ಜಾರು ಬಿಸಿಯಾಗಿ ಅದುರುವಾಗ ಸೋರಿತ್ತು. ಪುಡಿಯಲ್ಲಿ ಯಾವ ವಸ್ತುವಿದೆಯೆಂದು ಎಕ್ಸ್-ಕಿರಣ ಚದುರುವ ಕೋನದಿಂದ ಗುರುತಿಸುವ ಎಕ್ಸ್‌ಆರ್‌ಡಿ ಪರೀಕ್ಷೆಯಲ್ಲಿ 36.6 ಡಿಗ್ರಿಯ ಮೆಗ್ನೀಸಿಯಂ ಶಿಖರ ಹಾಗೆಯೇ ಎದ್ದು ನಿಂತಿತ್ತು; ಹೈಡ್ರೈಡ್ ಕಾಣಬೇಕಿದ್ದ 27.9ರಲ್ಲಿ ಏನೂ ಇರಲಿಲ್ಲ.

ಈಗ ಒತ್ತಡದ ಜೊತೆಗೆ ಇಡೀ ಜಾರನ್ನೂ ತೂಗುತ್ತೇನೆ. ಪುಡಿ ಹೀರಿದ ಹೈಡ್ರೋಜನ್ ಜಾರಿನೊಳಗೇ ಉಳಿಯುವುದರಿಂದ ತೂಕ ಬದಲಾಗದು. 7 ಬಾರ್ ಸೋರಿದರೆ 0.12 ಗ್ರಾಂ ಕಡಿಮೆಯಾಗುತ್ತದೆ, ನಮ್ಮ ತಕ್ಕಡಿಗೆ ಅಷ್ಟು ಸಾಕು. ಹೊಸ ಓ-ರಿಂಗ್ ಹಾಕಿ, ಆರ್ಗಾನಿನಲ್ಲಿ ರಾತ್ರಿ ಕಳೆದ ಜಾರಿನಲ್ಲಿ ಮೊದಲ ಎರಡು ಗಂಟೆ ಮುಳ್ಳು ಕದಲಲೇ ಇಲ್ಲ. ಮೂರನೆಯ ಗಂಟೆಗೆ ಅದು ಇಳಿಯತೊಡಗಿದಾಗ ಜಾರನ್ನು ತಕ್ಕಡಿಯ ಮೇಲಿಟ್ಟೆವು. ಬೆಳಗಿನ ತೂಕವೇ ಇತ್ತು.